ಬಿಂದಿಗೆ ಹಿಡಿದು ಊರು ನೋಡಿದ್ದು

ಜನ ದುಡ್ಡು ಕೊಟ್ಟು ಬೇರೆಯವರ ಊರಿನಲ್ಲಿ ಸುಮ್ಮನೆ ಕೂರುತ್ತಾರೆ ಎಂಬ ಸಂಗತಿ ನನ್ನ ಮಾವನಿಗೆ ಗೊತ್ತಾದದ್ದು ಊಟಿಯಲ್ಲಿ. ಹಾಲಿನ ಡೇರಿಯವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಟೂರು ಹೋಗಿದ್ದರು. ಅಲ್ಲೊಂದು ಲಾಡ್ಜಿನ ಮುಂದೆ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ಕೈಕಾಲು ಆಡಿಸದೆ ಕೂತಿದ್ದ ಒಂದು ಸಂಸಾರವನ್ನು ಮಾವ ಬಸ್ಸು ಹೊರಡುವ ತನಕ ನೋಡುತ್ತ ನಿಂತಿದ್ದರಂತೆ. ಊಟಿಯ ಹೂವು, ಕೆರೆ, ಪುಟ್ಟ ರೈಲು ಯಾವುದೂ ಅವರ ತಲೆಯಲ್ಲಿ ಉಳಿಯಲಿಲ್ಲ. ಮನೆಗೆ ಬಂದು ಅಂಗಳದಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದರು: “ದುಡ್ ಕೊಟ್ಟು ಸುಮ್ಕೆ ಕುಂತವ್ರೆ ಕಣಮ್ಮಿ ಜನ. ಕುಂತ್ಕೊಳ್ಳಾಕೆ ನಮ್ಮೂರೇ ಆಗ್ಬಾರ್ದಾ?”

ರಾಗಿ ಕೇರುತ್ತಿದ್ದ ಅತ್ತೆ ಮೊರ ನಿಲ್ಲಿಸಲಿಲ್ಲ. “ನೀವ್ ಇಷ್ಟ್ ವರ್ಸ ಜಗಲಿ ಮ್ಯಾಗೆ ಕುಂತಿದ್ದಕ್ಕೆ ಯಾರ್ ಎಷ್ಟ್ ಕೊಟ್ರು?” ಎಂದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಆ ಮನೆಗೆ ಸೊಸೆಯಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಊರು ವರ್ತೂರಿನಿಂದ ಸರ್ಜಾಪುರಕ್ಕೆ ಹೋಗುವ ದಾರಿಯಲ್ಲಿ. ಮಾರತ್ತಹಳ್ಳಿ ದಾಟಿದರೆ ಆಗ ಬರೀ ರಾಗಿ ಹೊಲ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಅಲ್ಲಲ್ಲಿ ಹೊಗೆಯಾಡುವ ಇಟ್ಟಿಗೆ ಗೂಡು. ರಸ್ತೆಯಲ್ಲಿ ಲಾರಿಯೊಂದು ಹೋದರೆ ಅದು ಯಾರದ್ದು, ಏನು ತುಂಬಿಕೊಂಡು ಎಲ್ಲಿಗೆ ಹೊರಟಿದೆ ಎಂದು ಹೇಳುವವರು ಪ್ರತಿ ಜಗಲಿಯಲ್ಲೂ ಸಿಗುತ್ತಿದ್ದರು.

ಮಾವ ಹಿಡಿದ ಹಟ ಬಿಡುವವರಲ್ಲ. ರೋಗ ತಗುಲಿ ಸತ್ತಿದ್ದ ನಮ್ಮ ದ್ರಾಕ್ಷಿ ತೋಟದ ಕಲ್ಲುಕಂಬಗಳನ್ನು ಕಿತ್ತು ಜಗಲಿಗೆ ನಿಲ್ಲಿಸಿ, ರಸ್ತೆಯ ಪಕ್ಕ ಸಾಲಾಗಿ ನಾಲ್ಕು ಕೋಣೆ ಕಟ್ಟಿಸಿದರು. ಹೆಂಚಿನ ಮಾಡು, ಕೆಂಪು ಗಾರೆ ನೆಲ. ಕಿಟಕಿಯ ವಿಷಯದಲ್ಲಂತೂ ಕಂಜೂಸಿ ಮಾಡಲಿಲ್ಲ. ಎಮ್ಮೆ ನುಗ್ಗುವಷ್ಟು ದೊಡ್ಡ ಕಿಟಕಿಗಳು. ಮುಂದೆ ಹಳದಿ ಬಣ್ಣದ ಬೋರ್ಡು, ಅದರ ಮೇಲೆ ದಪ್ಪಕ್ಷರದಲ್ಲಿ ‘ಹೋಟೆಲ್’. ಯುಗಾದಿಯ ದಿನ ಕಾಯಿ ಒಡೆದು ಶುರು ಮಾಡಿದರು. ಮೊದಲ ವಾರವೆಲ್ಲ ಬಂದವರು ಬಸ್ಸಿಳಿದ ಹಸಿದ ಹೊಟ್ಟೆಯವರು.

“ತಿಂಡಿ ಏನೈತೆ?”

“ತಿಂಡಿ ಇಲ್ಲ. ರೂಮೈತೆ.”

“ರೂಮ್ ತಿಂತಾರಾ ಯಜಮಾನ್ರೇ?”

ಮಾವ ಮಾತಿಗೆ ಸೋಲದ ಮನುಷ್ಯ. ಅಂದಿನಿಂದ ಉಪ್ಪಿಟ್ಟು, ಕಾಫಿ ಕೂಡ ಶುರುವಾಯಿತು. ಮಾಡುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಅತ್ತೆಗೆ ಈ ಕೋಣೆಗಳ ಮೇಲೆ ಬೇರೆ ಕಣ್ಣಿತ್ತು. ಅವರ ಲೆಕ್ಕದಲ್ಲಿ ಅವು ರೇಷ್ಮೆ ಹುಳುವಿಗೆ ಹೇಳಿ ಮಾಡಿಸಿದ ಮನೆ. ಒಳ್ಳೆ ಗಾಳಿ, ತಂಪು, ಎದುರಿಗೇ ಹಿಪ್ಪುನೇರಳೆ ತೋಟ. ಹುಳುವಾದರೆ ಗೂಡು ಕಟ್ಟುತ್ತದೆ, ಗೂಡು ಮಾರಬಹುದು. ನೆಂಟರು ಏನು ಕಟ್ಟುತ್ತಾರೆ? ಗಂಡ ಹೆಂಡತಿ ನಡುವೆ ದಿನಾ ಇದೇ ಜಗಳ. ಕಡೆಗೆ ಅತ್ತೆಯೇ ಒಂದು ತೀರ್ಮಾನ ಕೊಟ್ಟರು.

“ಒಸಬ್ರು ಬತ್ತಾರೆ, ನೋಡ್ತಾರೆ, ಓಯ್ತಾರೆ. ಅದು ದೊಡ್ಡದಲ್ಲ. ಒಂದ್ಸಲ ಬಂದೋರು ಇನ್ನೊಂದ್ಸಲ ಬರ್ಲಿ, ಆಗ ಒಪ್ಕೋತೀನಿ. ದಸರಾ ಗಂಟ ಕಾಯ್ತೀನಿ. ಯಾರೂ ಬರ್ನಿಲ್ಲ ಅಂದ್ರೆ ಉಳ ಒಳೀಕ್ ತರ್ತೀನಿ, ನೀವ್ ಬೋರ್ಡ್ ಈಚೀಕ್ ತಗೀರಿ.”

ಮಾವ ಒಪ್ಪಿದರು. ಒಪ್ಪದೆ ಬೇರೆ ದಾರಿ ಇರಲಿಲ್ಲ. ಕೋಣೆ ಕಟ್ಟಲು ಮಾರಿದ್ದು ಅತ್ತೆಯ ಕಿವಿಯ ಓಲೆ. ನನ್ನ ಗಂಡನಿಗೆ ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಶಿಫ್ಟು ಕೆಲಸ. ಮನೆಯಲ್ಲಿ ಜಗಳವಿದ್ದ ದಿನವೆಲ್ಲ ಅವರಿಗೆ ಅದು ಹೇಗೋ ಸೆಕೆಂಡ್ ಶಿಫ್ಟೇ ಬೀಳುತ್ತಿತ್ತು.

ಈ ಜಗಳದಲ್ಲಿ ನನ್ನ ಪಾಲೂ ಇತ್ತು, ಯಾರೂ ಕೇಳಲಿಲ್ಲ ಅಷ್ಟೇ. ನನ್ನ ತವರು ಆನೇಕಲ್. ಅಪ್ಪ ಸ್ಕೂಲ್ ಮೇಷ್ಟ್ರು. ಭಾನುವಾರ ಬಂತೆಂದರೆ ಹೆಣ್ಣುಮಕ್ಕಳನ್ನೆಲ್ಲ ಕಟ್ಟಿಕೊಂಡು ಊರಾಚೆ ನಡೆಯಲು ಹೊರಡುತ್ತಿದ್ದರು. ಕೆಲಸವಿರಲಿ ಬಿಡಲಿ, ನಡೆಯುವುದೇ ಕೆಲಸ. ಗಂಡನ ಮನೆಗೆ ಬಂದ ಮೇಲೆ ನನ್ನ ಕಾಲಿಗೆ ಬೀಗ ಬಿತ್ತು. ಯಾರೂ ಹೋಗಬೇಡ ಎನ್ನುತ್ತಿರಲಿಲ್ಲ. ಆದರೆ ಹೆಂಗಸು ಬೀದಿಗೆ ಬಂದರೆ ಕೈಯಲ್ಲಿ ಬಿಂದಿಗೆಯೋ, ಕುಡುಗೋಲೋ, ಮಂಕರಿಯೋ ಇರಬೇಕು. ಇದ್ದರೆ ಊರ ಕೊನೆಯವರೆಗೂ ಯಾರೂ ತಡೆಯರು. ಬರಿಗೈಯಲ್ಲಿ ಹೊರಟರೆ ಮೊದಲ ಜಗಲಿಯಿಂದಲೇ ‘ಎಲ್ಲೀಗಮ್ಮ?’ ಶುರು, ‘ಸುಮ್ಮನೆ’ ಎಂದರೆ ಮುಗಿಯಿತು, ಸೊಸೆ ಮುನಿಸಿಕೊಂಡು ತವರಿಗೆ ಹೊರಟಳೆಂದು ನಾನು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿರುತ್ತಿತ್ತು.

ಹೋಟೆಲಿನಿಂದ ನನಗೊಂದು ದಾರಿ ತೆರೆಯಿತು. ಪಿಯುಸಿ ಓದಿದವಳು ಎಂಬ ಕಾರಣಕ್ಕೆ ಬಂದ ಹೆಂಗಸರನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹುಳುಮನೆಯಾದರೆ ಅದಿಲ್ಲ. ಹುಳು ಇರುವ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಒಳಗಿನವರಿಗೆ ಬಿಡುವಿಲ್ಲ. ಬೆಳಗಾದರೆ ಸೊಪ್ಪು ಕೊಯ್ಯಿ, ಕತ್ತರಿಸು, ಹಾಕು, ಹಿಕ್ಕೆ ತೆಗೆ, ಮತ್ತೆ ಸೊಪ್ಪು. ನನ್ನ ಆಯುಷ್ಯವೆಲ್ಲ ಆ ಹುಳುಗಳ ಬಾಯಿಗೆ ಹೋಗುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಹಾಗಾಗಿ ದಸರಾದೊಳಗೆ ಯಾರಾದರೂ ಎರಡನೇ ಸಲ ಬರಲಪ್ಪಾ ಎಂದು ಮಾವನಿಗಿಂತ ನಾನೇ ಹೆಚ್ಚು ದೇವರಿಗೆ ದುಂಬಾಲು ಬಿದ್ದಿದ್ದೆ.

ತೊಂದರೆ ಎಂದರೆ ಊರಲ್ಲಿ ಏನನ್ನು ತೋರಿಸಬೇಕು ಎಂಬ ಯಜಮಾನಿಕೆ ಮಾವನದು. ಬಂದವರಿಗೆ ತೋರಿಸಬೇಕಾದ್ದು ನಮ್ಮಲ್ಲಿರುವ ಹೊಸದು ಎಂಬುದು ಅವರ ಗಟ್ಟಿ ನಂಬಿಕೆ. ಮೊದಲು ನಮ್ಮ ಪಂಪ್‌ಸೆಟ್ಟು. ಆಮೇಲೆ ಕರೆಂಟಿನ ಟ್ರಾನ್ಸ್‌ಫಾರ್ಮರು. ಆಮೇಲೆ ಸೀಮೆಹಸು, ಕೋಳಿ ಫಾರಂ, ಹಿಟ್ಟಿನ ಮಿಷನ್ನು. ಕೆರೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಮಾವನಿಗೆ ನಾಚಿಕೆಯಾಗುತ್ತಿತ್ತು. “ಅದೇನ್ ನೋಡ್ತೀರಿ ಸಾ, ಎಮ್ಮೆ ತೊಳ್ಯೋ ಜಾಗ” ಎಂದು ಮಾತು ಮರೆಸುತ್ತಿದ್ದರು. ಹಳ್ಳಿಗಾಡು ನೋಡಬೇಕೆಂದು ಬೆಂಗಳೂರಿನಿಂದ ಬಂದವರು ಟ್ರಾನ್ಸ್‌ಫಾರ್ಮರಿನ ಕೆಳಗೆ ಬಿಸಿಲಲ್ಲಿ ನಿಂತು, ಅದು ಎಷ್ಟು ಊರಿಗೆ ಕರೆಂಟು ಕೊಡುತ್ತದೆಂದು ಕೇಳಿಸಿಕೊಂಡು, ಸಂಜೆ ಬಸ್ಸಿಗೇ ಹೋಗುತ್ತಿದ್ದರು.

ಆಷಾಢದಲ್ಲಿ ಪೀಣ್ಯದಿಂದ ಒಂದು ಸಂಸಾರ ಬಂತು. ನನ್ನ ಗಂಡನ ಸ್ನೇಹಿತರೊಬ್ಬರ ಮೂಲಕ ಗೊತ್ತಾಗಿ ಬಂದವರು. ಆತ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಜೊತೆಗೆ ಹೆಂಡತಿ, ಹೆಂಡತಿಯ ತಂಗಿ. ಶನಿವಾರ ಸಂಜೆ ಬಂದು ಭಾನುವಾರ ಹೋಗುವುದೆಂದು. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಮುಗಿದ ಕೂಡಲೇ ಮಾವ ಫೋರ್‌ಮನ್ನರನ್ನು ಕರೆದುಕೊಂಡು ಹೋಗಿ, ಪಂಪಿನ ಮನೆಯ ಬೀಗ ತೆಗೆದು, ದೇವರ ಕೋಣೆಯ ಬಾಗಿಲು ತೆರೆದವರಂತೆ ಪಕ್ಕಕ್ಕೆ ಸರಿದು ನಿಂತರು.

“ನೋಡಿ ಸಾ.”

ಫೋರ್‌ಮನ್ ಬಗ್ಗಿ ನೋಡಿ ನೆಟ್ಟಗಾದರು. “ಯಜಮಾನ್ರೇ, ಇದು ನಮ್ ಫ್ಯಾಕ್ಟ್ರೀದೇ. ವಾರವೆಲ್ಲ ಇದರ ಮುಖಾನೇ ನೋಡ್ತೀನಿ.”

ಬೇರೆಯವರಾಗಿದ್ದರೆ ಅಲ್ಲಿಗೆ ಬಾಗಿಲು ಹಾಕಿಕೊಂಡು ಬರುತ್ತಿದ್ದರು. ಮಾವನಿಗೆ ಆನಂದ ತಡೆಯಲಾಗಲಿಲ್ಲ. “ಅಂಗಾದ್ರೆ ಊರಾಗಿರೋವೆಲ್ಲ ನೀವ್ ನೋಡ್ಲೇಬೇಕು ಸಾ!” ಎಂದು ಆತನ ಕೈ ಹಿಡಿದು ಗದ್ದೆಯಿಂದ ಗದ್ದೆಗೆ ನಡೆಸಿದರು. ಮೋಟಾರು ಮಾಡುವವರೇ ಬಂದಿದ್ದಾರಂತೆ ಎಂಬ ಸುದ್ದಿ ಅವರಿಗಿಂತ ಮುಂದೆ ಓಡಿತು. ಸ್ಟಾರ್ಟರು ಕೈಕೊಟ್ಟವರು, ಕಾಯಿಲ್ ಸುಟ್ಟವರು, ಏನೂ ಆಗದಿದ್ದರೂ ಒಮ್ಮೆ ಕೈಯಾಡಿಸಿ ಎನ್ನುವವರು, ಎಲ್ಲ ತಮ್ಮ ತಮ್ಮ ಬಾವಿಯ ಹತ್ತಿರ ಕಾದು ನಿಂತರು. ಆ ಪುಣ್ಯಾತ್ಮನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ರಜೆಯ ದಿನವೂ ಡ್ಯೂಟಿ ಮಾಡಿ, ಮೊಣಕೈವರೆಗೆ ಗ್ರೀಸು ಬಳಿದುಕೊಂಡು, ಒಂದು ಕಂಕುಳಲ್ಲಿ ಸೋರೆಕಾಯಿ, ಇನ್ನೊಂದರಲ್ಲಿ ಜೀವಂತ ಕೋಳಿಯೊಂದಿಗೆ ವಾಪಸಾದರು.

ಈ ಕಡೆ ಹೆಂಗಸರಿಬ್ಬರು ಕೋಣೆಯಲ್ಲಿ ಕೂತು ಬೇಸತ್ತಿದ್ದರು. ಫೋರ್‌ಮನ್ನರ ಹೆಂಡತಿ ಕಿಟಕಿಯಿಂದ ಕೈ ತೋರಿಸಿ, “ಏನ್ರೀ ಅಲ್ಲಿ ಹೊಳೀತಿರೋದು? ಕೆರೆ ಅಲ್ವಾ?” ಎಂದರು. ಹೌದೆಂದೆ. “ಮತ್ತೆ ಇಲ್ಲೇನ್ರೀ ಮಾಡ್ತಿದೀವಿ ನಾವು? ನಡೀರಿ!”

ಅಂಗಳ ದಾಟುವಷ್ಟರಲ್ಲಿ ಅತ್ತೆ ಅಡ್ಡ ಬಂದರು. “ಎಲ್ಲೀಗೆ?”

“ಸುಮ್ನೆ ಏರಿ ಮೇಲೆ ಒಂದ್ ರೌಂಡ್ ಹೋಗ್ಬರ್ತೀವಮ್ಮ” ಎಂದರು ಫೋರ್‌ಮನ್ನರ ಹೆಂಡತಿ.

ಅತ್ತೆ ಮೂವರನ್ನೂ ಕಾಲಿಂದ ತಲೆಯವರೆಗೆ ನೋಡಿದರು. “ಬರಿಗೈನಾಗಾ? ಒಳ್ಳೆ ಮನೆ ಎಣ್ಮಕ್ಳು, ಜನ ಏನಂತಾರೆ?” ಎಂದು ಒಳಗೆ ಹೋದರು. ನನ್ನನ್ನು ಕೆಲಸಕ್ಕೆ ಕೂರಿಸಲು ಮೊರ, ರಾಗಿ ತರಲು ಹೋದರೆಂದು ನಾನು ತಿಳಿದರೆ, ಅಡುಗೆಮನೆಯಿಂದ ಬಿಂದಿಗೆಗಳನ್ನು ತಂದು ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟರು. “ತಗಳಿ. ಯಾರಾನ ಕೇಳುದ್ರೆ ನೀರ್ಗೆ ಅನ್ನಿ. ಮುಗೀತು.”

ಫೋರ್‌ಮನ್ನರ ನಾದಿನಿಯ ಕಣ್ಣು ಗೂಟಕ್ಕೆ ನೇತು ಹಾಕಿದ್ದ ಹಿತ್ತಾಳೆ ಬಿಂದಿಗೆಯ ಮೇಲೆ ಬಿತ್ತು. ಪುಟ್ಟದು, ಹೊಳೆಯುವಂಥದು. ಕೈ ಚಾಚಿದ್ದೇ ತಡ ಅತ್ತೆ, “ಅದ್ ಬ್ಯಾಡ. ಅದು ನಂದು” ಎಂದುಬಿಟ್ಟರು. ಅದನ್ನು ನಾನೂ ಮುಟ್ಟುವಂತಿರಲಿಲ್ಲ. ತವರಿನ ಬಳುವಳಿ ಇರಬೇಕು ಎಂದುಕೊಂಡಿದ್ದೆ. ನಮ್ಮ ಮನೆ ಬಾವಿಯ ನೀರು ಉಪ್ಪು. ಕುಡಿಯಲು, ಬೇಳೆ ಬೇಯಲು ಕೆರೆಯ ಏರಿ ಕೆಳಗಿನ ಸಿಹಿನೀರ ಬಾವಿಯೇ ಗತಿ. ಬೆಳಗಿನ ನೀರು ನನ್ನದು. ಸಂಜೆ ಅತ್ತೆ ಆ ಬಿಂದಿಗೆ ಹಿಡಿದು ತಪ್ಪದೆ ನೀರಿಗೆ ಹೋಗುತ್ತಿದ್ದರು. ಹಾಗಿದ್ದರೂ ಬೆಳಿಗ್ಗೆ ಎದ್ದು ನೋಡಿದರೆ ಕೊಳಗದಲ್ಲಿ ನೀರು ತಳ ಕಂಡಿರುತ್ತಿತ್ತು. ಈ ಮನೆಯವರು ಒಂಟೆಗಳಂತೆ ನೀರು ಕುಡಿಯುತ್ತಾರೆ ಎಂದು ನಾನು ತವರಿನಲ್ಲಿ ಹೇಳಿಕೊಂಡು ನಕ್ಕಿದ್ದೂ ಉಂಟು.

ಮೂವರೂ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಹೊರಟೆವು. ನೈಲಾನ್ ಸೀರೆ, ಹೈಹೀಲ್ಸ್ ಚಪ್ಪಲಿ, ಕಪ್ಪು ತಂಪು ಕನ್ನಡಕ, ಜೊತೆಗೆ ತಾಮ್ರದ ಬಿಂದಿಗೆ. ಮೊದಲ ಜಗಲಿಯಿಂದ, “ನೀರ್ಗಾ?” ಎಂಬ ಪ್ರಶ್ನೆ ಬಂತು. “ಹೂಂ, ನೀರಿಗೆ” ಎಂದೆವು. ಪ್ರಶ್ನೆ ಕೇಳಿದವರು ತೃಪ್ತಿಯಿಂದ ಎಲೆ ಅಡಿಕೆ ಮುಂದುವರಿಸಿದರು. ಅರಳಿಕಟ್ಟೆಯ ಹತ್ತಿರ ಮತ್ತೆ “ನೀರ್ಗಾ?” ಫೋರ್‌ಮನ್ನರ ಹೆಂಡತಿಗೆ ನಗು ಉಕ್ಕಿ ಬಂತು. ಊರ ಕೊನೆಯ ಮನೆ ದಾಟುವ ಹೊತ್ತಿಗೆ ಅವರು ಬಿಂದಿಗೆಯೊಳಗೆ ಮುಖವಿಟ್ಟು ನಗುತ್ತಿದ್ದರು. ಒಳಗಿಂದ ಆ ನಗು ಗುಂಯ್ ಎಂದು ಕೇಳುತ್ತಿತ್ತು.

ಏರಿಯ ಮೇಲೆ ಆಷಾಢದ ಗಾಳಿ. ಸೆರಗು ನಿಲ್ಲದು, ಮಾತು ನಿಲ್ಲದು. ಹುಣಸೆ ಮರದ ಬುಡದಲ್ಲಿ ಬಿಂದಿಗೆಗಳನ್ನು ಬೋರಲು ಹಾಕಿ ಕೂತೆವು. ನೀರಲ್ಲಿ ಎಮ್ಮೆಗಳ ಬರೀ ತಲೆ ಕಾಣುತ್ತಿತ್ತು. ಅವುಗಳ ಮೇಲೆ ಬೆಳ್ಳಕ್ಕಿ. ವಿಮಾನ ಕಾರ್ಖಾನೆಯ ಕಡೆಯಿಂದ ಪುಟ್ಟ ವಿಮಾನವೊಂದು ಹಾರಿ ಬಂದು ತಲೆಯ ಮೇಲೆ ಪಲ್ಟಿ ಹೊಡೆಯಿತು. ಎಮ್ಮೆ ಕಿವಿ ಸಹ ಅಲುಗಿಸಲಿಲ್ಲ. ಹುಣಸೆ ಚಿಗುರು ಕಿತ್ತು ಉಪ್ಪಿಲ್ಲದೆಯೇ ತಿಂದೆವು. ಫೋರ್‌ಮನ್ನರ ಹೆಂಡತಿ ಚಪ್ಪಲಿ ಬಿಟ್ಟು ತೂಬಿನ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು, “ಮದುವೆ ಆದ್ಮೇಲೆ ಹಿಂಗೆ ಕೂತಿದ್ದೇ ಇಲ್ಲ ಕಣ್ರೀ” ಎಂದರು. ನಾನೂ ಚಪ್ಪಲಿ ಬಿಟ್ಟು ಅವರ ಪಕ್ಕ ಕಾಲು ಇಳಿಬಿಟ್ಟೆ.

ವಾಪಸು ಬರುವಾಗ ನೀರು ತುಂಬುವುದನ್ನೇ ಮರೆತಿದ್ದೆವು. ಊರೊಳಗೆ ಕಾಲಿಟ್ಟ ಮೇಲೆ ನೆನಪಾಯಿತು. ಆದರೆ ಒಬ್ಬರೂ ಬಿಂದಿಗೆಯೊಳಗೆ ಇಣುಕಲಿಲ್ಲ. ಬಿಂದಿಗೆ ಇದ್ದರೆ ಸಾಕು, ನೀರು ನಮ್ಮ ಖಾಸಗಿ ವಿಷಯ.

ಸಂಜೆ ಬಸ್ಸು ಹತ್ತುವಾಗ ಫೋರ್‌ಮನ್ ಕೈಮುಗಿದು, “ಬರ್ತೀವಿ ಯಜಮಾನ್ರೇ” ಎಂದರು. ಇನ್ನೆಂದೂ ಬರುವುದಿಲ್ಲ ಎಂಬುದು ಆ ಮುಖದ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಅವರ ಕಂಕುಳಲ್ಲಿದ್ದ ಕೋಳಿಯೂ ಅದೇ ಅಭಿಪ್ರಾಯದಲ್ಲಿದ್ದಂತೆ ಕಂಡಿತು. ನನಗೆ ಮಾವನ ಮೇಲೆ ಕೆಟ್ಟ ಸಿಟ್ಟು ಬಂತು. ಅಂದು ರಾತ್ರಿಯ ಸಾರಿಗೆ ಖಾರ ಕೊಂಚ ಜಾಸ್ತಿಯೇ ಬಿತ್ತು.

ಅಲ್ಲಿಂದ ಮುಂದೆ ಬಿಂದಿಗೆ ನಮ್ಮ ಹೋಟೆಲಿನ ಪದ್ಧತಿಯೇ ಆಯಿತು. ಬಂದ ಹೆಂಗಸರಿಗೆ ಕಾಫಿಯ ನಂತರ ಒಂದೊಂದು ಬಿಂದಿಗೆ. ಶ್ರಾವಣದಲ್ಲಿ ಒಂದಿಷ್ಟು ಜನ ಬಂದರು. ಏರಿಯ ಮೇಲೆ ಕೂತು ನಕ್ಕು, ಬೇಲದ ಹಣ್ಣು ಒಡೆದು ತಿಂದು, ಉಳಿದಿದ್ದ ದ್ರಾಕ್ಷಿ ತೋಟಗಳಲ್ಲಿ ತಿರುಗಾಡಿ, ಖಾಲಿ ಬಿಂದಿಗೆ ವಾಪಸು ಕೊಟ್ಟು ಹೋದರು. ಬಹಳ ಖುಷಿಯಾಯಿತು ಎಂದರು. ಯಾರೂ ಎರಡನೇ ಸಲ ಬರಲಿಲ್ಲ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಂಕಿಗಳನ್ನು ಅತ್ತೆ ಅಟ್ಟದಿಂದ ಇಳಿಸಿ ಬಿಸಿಲಿಗಿಟ್ಟರು. ಬರಿದಾದ ಶನಿವಾರಗಳಲ್ಲಿ ಅವು ಒಂದೊಂದೇ ಕೋಣೆಗಳ ಹತ್ತಿರ ಸರಿದವು. ಗಣೇಶನ ಹಬ್ಬಕ್ಕೆ ಜಗಲಿ ಹತ್ತಿದವು. ಮಾವ ಅವನ್ನು ಕಂಡೂ ಕಾಣದವರಂತೆ ನಡುವೆ ನುಸುಳಿ ಓಡಾಡುತ್ತಿದ್ದರು.

ದಸರಾಕ್ಕೆ ಮುಂಚಿನ ಕೊನೆಯ ಶನಿವಾರ ಬಂತು. ಅತ್ತೆ ಬೆಳಿಗ್ಗೆಯೇ ಸುಣ್ಣ ಕಲಸಿಟ್ಟಿದ್ದರು. ಹುಳು ತರುವ ಮೊದಲು ಕೋಣೆಗೆ ಬಳಿಯಬೇಕಲ್ಲ. ಮಾವ ಬೋರ್ಡಿನ ಕೆಳಗೆ ಕಲ್ಲಿನ ಮೇಲೆ ಕೂತಿದ್ದರು. ಮುಖ ಚಿಕ್ಕದಾಗಿತ್ತು. ಅವರನ್ನು ಹಾಗೆ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಊಟಿಯಲ್ಲಿ ಕುರ್ಚಿಯ ಮೇಲೆ ಸುಮ್ಮನೆ ಕೂತವರನ್ನು ಕಂಡು ಈ ಮನುಷ್ಯ ಇಷ್ಟೆಲ್ಲ ಮಾಡಿದ್ದು. ಆದರೆ ತಾನು ಒಂದು ದಿನವಾದರೂ ಹಾಗೆ ಕೂತವರಲ್ಲ.

ಸಂಜೆಯ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಸೊಪ್ಪಿನ ಹೊರೆಯವರು ಇಳಿದರು, ವರ್ತೂರಿನ ಸಂತೆಗೆ ಹೋಗಿದ್ದವರು ಇಳಿದರು. ಕಂಡಕ್ಟರ್ ಬಾಗಿಲು ಬಡಿಯುವುದರಲ್ಲಿದ್ದ. ಅಷ್ಟರಲ್ಲಿ ಹಿಂದಿನ ಕಿಟಕಿಯಿಂದ ಬಳೆ ತುಂಬಿದ ಕೈಯೊಂದು ಹೊಸ ಸ್ಟೀಲ್ ಬಿಂದಿಗೆಯನ್ನು ಹೊರಗೆ ಚಾಚಿತು.

“ಹೋಲ್ಡಾನ್! ಹೋಲ್ಡಾನ್! ಏನ್ರೀ, ಹಿಡ್ಕೊಳ್ರೀ ಇದನ್ನ!”

ಆ ದನಿ ಕೇಳಿದ್ದೇ ನಾನು ಓಡಿದೆ. ಕಿಟಕಿಗಳಿಂದ ಇನ್ನೊಂದು ಬಿಂದಿಗೆ, ಮತ್ತೊಂದು ಬಿಂದಿಗೆ. ಫೋರ್‌ಮನ್ನರ ಹೆಂಡತಿ, ಅವರ ತಂಗಿ, ಜೊತೆಗೆ ಪೀಣ್ಯದ ಅವರ ವಠಾರದ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಎಲ್ಲರ ಹಿಂದೆ ಫೋರ್‌ಮನ್. ಇಳಿದವರೇ ಮಾವನ ಎದುರು ನಿಂತು ಕೈ ಜೋಡಿಸಿ, “ಯಜಮಾನ್ರೇ, ಕೈಯಲ್ಲಿ ಸ್ಪ್ಯಾನರ್ ಇಲ್ಲ, ಟೆಸ್ಟರ್ ಇಲ್ಲ. ನಾನು ಮಲಗೋಕೆ ಬಂದಿದೀನಿ” ಎಂದರು. ಮಾವನ ಕಣ್ಣಲ್ಲಿ ನೀರಾಡಿತು. “ಮಲೀಕಳಿ ಸಾ, ಮಲೀಕಳಿ” ಎಂದು ಆತನ ಚೀಲ ಹೊತ್ತುಕೊಂಡು ತಾವೇ ಮುಂದೆ ನಡೆದರು.

ಅತ್ತೆ ಜಗಲಿಯ ಮೇಲೆ ನಿಂತು ಎಲ್ಲ ನೋಡುತ್ತಿದ್ದರು. ಒಂದು ಚಂದ್ರಂಕಿ ಎತ್ತಿಕೊಂಡು ಹೋಗಿ ಅಟ್ಟದ ಏಣಿಗೆ ಒರಗಿಸಿದರು, ಆಮೇಲೆ ಇನ್ನೊಂದು. ನಾನು ಸಹಾಯಕ್ಕೆ ಹೋದರೆ, “ಕಾಫಿ ಇಡು ಓಗು” ಎಂದರು.

ಕಾಫಿ ಮುಗಿಯಿತು, ಬಿಂದಿಗೆಗಳು ಸೊಂಟಕ್ಕೇರಿದವು. ಹೊರಡುವಾಗ ನೋಡಿದರೆ ಅತ್ತೆಯೂ ಗೂಟದಿಂದ ತಮ್ಮ ಹಿತ್ತಾಳೆ ಬಿಂದಿಗೆ ತೆಗೆದುಕೊಂಡು ನಮ್ಮ ಜೊತೆ ನಿಂತಿದ್ದಾರೆ. ಅವರು ನಮ್ಮೊಂದಿಗೆ ಬಂದದ್ದು ಅದೇ ಮೊದಲು. ದಾರಿಯುದ್ದಕ್ಕೂ “ನೀರ್ಗಾ?” “ಹೂಂ, ನೀರಿಗೆ.” ಕೆರೆ ತುಂಬಿತ್ತು, ಏರಿಯ ಹುಲ್ಲು ಮಂಡಿಯವರೆಗೆ ಬೆಳೆದಿತ್ತು. ಎಲ್ಲರೂ ಹುಣಸೆ ಮರದ ಕೆಳಗೆ ಜಾಗ ಹುಡುಕುತ್ತಿದ್ದರೆ ಅತ್ತೆ ನೇರವಾಗಿ ಹೋಗಿ ತೂಬಿನ ಪಕ್ಕದ ಚಪ್ಪಡಿಯ ಮೇಲೆ ಕೂತರು. ಆ ಚಪ್ಪಡಿ ಸವೆದು ನುಣುಪಾಗಿತ್ತು.

ಫೋರ್‌ಮನ್ನರ ಹೆಂಡತಿಗೆ ಹಿರಿಯರ ಮೇಲೆ ಮರ್ಯಾದೆ. “ನೀವು ಕೂತಿರಿ ಅಮ್ಮ, ನಿಮ್ ಬಿಂದಿಗೆ ನಾನೇ ತುಂಬ್ಕೊಡ್ತೀನಿ” ಎಂದು, ಅತ್ತೆ ಬೇಡ ಬೇಡ ಎನ್ನುತ್ತಿದ್ದರೂ ಕಸಿದುಕೊಂಡು ಏರಿ ಕೆಳಗಿನ ಬಾವಿಗೆ ಇಳಿದರು. ನಾನು ಜೊತೆಗೆ ಹೋಗಿ ನೀರು ಸೇದಿ ಹುಯ್ದೆ. ಹುಯ್ದಷ್ಟೂ ನೀರು ಅವರ ಸೀರೆಯ ಮೇಲೆ, ಪಾದದ ಮೇಲೆ ಸುರಿಯಿತು. ಎತ್ತಿ ನೋಡಿದರೆ ಬಿಂದಿಗೆಯ ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಅದರ ಅಂಚು ಹಳೆಯದಾಗಿ ಕಪ್ಪಾಗಿತ್ತು.

“ಅಯ್ಯೋ ಅಮ್ಮ, ಇದು ತೂತು!” ಎಂದು ಕೆಳಗಿನಿಂದಲೇ ಕೂಗಿದರು.

“ಗೊತ್ತು ಬುಡಮ್ಮ” ಎಂದರು ಅತ್ತೆ. “ನಾನೀ ಮನೆ ಸೊಸೆಯಾಗಿ ಬಂದ ವರ್ಸದಿಂದ್ಲೂ ತೂತೇ ಅದು.”

ನಾನು ಬಾವಿಯ ಹಗ್ಗ ಕೈಯಲ್ಲಿ ಹಿಡಿದೇ ನಿಂತೆ. ಇಷ್ಟು ವರ್ಷ, ದಿನಾ ಸಂಜೆ. ಮೇಲೆ ಹತ್ತಿ ಬಂದು ಅವರ ಪಕ್ಕ ಕೂತೆ. ಕೇಳದೆ ಇರಲಾಗಲಿಲ್ಲ. “ಮತ್ತೆ ಯಾಕತ್ತೆ ಹೋಟ್ಲು ಬ್ಯಾಡ ಅಂತಿದ್ರಿ?”

ಅತ್ತೆ ಕೆರೆಯ ಕಡೆಗೇ ನೋಡುತ್ತಿದ್ದರು. “ಉಳವಾದ್ರೆ ಸಂಜೀಕ್ ಸೊಪ್ಪಾಕ್ಬುಟ್ಟು ಬರ್ಬೋದು. ನೆಂಟ್ರಾದ್ರೆ ಬುಟ್ಟು ಬರಾಕಾಯ್ತದಾ? ನನ್ ಒತ್ತು ಓಯ್ತದೆ ಅಂತ ಬ್ಯಾಡ ಅಂದೆ.” ಫೋರ್‌ಮನ್ನರ ಹೆಂಡತಿ ತಂದಿಟ್ಟ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿಕೊಂಡು, “ನೆಂಟ್ರೂ ಇಲ್ಲೀಗೇ ಬತ್ತಾರೆ ಅಂತ ನಂಗೇನ್ ಗೊತ್ತಿತ್ತು” ಎಂದರು.

ಎಮ್ಮೆಗಳನ್ನು ಹೊಡೆದುಕೊಂಡು ಮುದುಕರೊಬ್ಬರು ಏರಿಯ ಮೇಲೆ ಬಂದರು. ಸಾಲಾಗಿ ಕೂತಿದ್ದ ಇಷ್ಟೊಂದು ಹೆಂಗಸರನ್ನೂ ಬೋರಲು ಬಿದ್ದಿದ್ದ ಬಿಂದಿಗೆಗಳನ್ನೂ ನೋಡಿ ನಿಂತರು. “ಏನಮ್ಮೋ, ಎಲ್ಲಾ ನೀರ್ಗಾ?”

ಅತ್ತೆ ಇನ್ನೂ ತೊಟ್ಟಿಕ್ಕುತ್ತಿದ್ದ ತಮ್ಮ ಬಿಂದಿಗೆಯನ್ನು ಮಡಿಲಿಗೆ ಎಳೆದುಕೊಂಡು ತಳದ ತೂತಿನ ಮೇಲೆ ಅಂಗೈ ಇಟ್ಟರು.

“ಊಂ ಕಣಪ್ಪ, ನೀರ್ಗೇ.”